ಟೋಕಿಯೋ ಓಡಿಸಿದ ಗಾಡಿ

ನನ್ನ ಗಾಡಿಯ ಬಾನೆಟ್ ಎತ್ತಿದರೆ ಹಿಂದಿನ ತಗಡಿನ ಮೇಲೆ ಒಂದು ಸಣ್ಣ ಪಟ್ಟಿ ಹೊಡೆದಿದೆ. ಜಪಾನಿ ಅಕ್ಷರಗಳ ನಡುವೆ ನನಗೆ ಓದಲಿಕ್ಕೆ ಬರೋದು ಒಂದೇ: ಎಚ್‌ಜೆ61ವಿ. ‘ಎಚ್’ ಅನ್ನೋದು ಇಂಜಿನ್ನಿನ ಮನೆತನ, ‘ಜೆ’ ಅಂದರೆ ಲ್ಯಾಂಡ್ ಕ್ರೂಸರ್, 61 ಮಾದರಿಯ ಸಂಖ್ಯೆ. ಕೊನೆಯ ‘ವಿ’ ಏನು ಅಂತ ನಾನು ಮೂರು ವರ್ಷ ತಲೆ ಕೆಡಿಸಿಕೊಂಡಿರಲೇ ಇಲ್ಲ. ವಿ ಅಂದರೆ ವ್ಯಾನ್. ಅಂದರೆ ಜಪಾನ್ ಸರ್ಕಾರದ ಕಾಗದದಲ್ಲಿ ಇದು ಕಾರೇ ಅಲ್ಲ, ಸರಕು ಸಾಗಿಸುವ ವಾಹನ. ಹವಾನಿಯಂತ್ರಣ ಇದೆ, ಮೆತ್ತನೆ ಸೀಟುಗಳಿವೆ, ಆದರೂ ಲಾರಿಯ ಜಾತಿ! ಈ ಒಂದಕ್ಷರದ ದೆಸೆಯಿಂದಲೇ ಈ ಗಾಡಿ ಪೆಸಿಫಿಕ್ ಸಾಗರ ದಾಟಿ ನನ್ನ ಮನೆ ಬಾಗಿಲಿಗೆ ಬಂತು ಅಂತ ಗೊತ್ತಾದಾಗ, ಇದರ ಚರಿತ್ರೆ ಬರೆದಿಡಬೇಕು ಅನ್ನಿಸಿತು.

ನಾನಿರೋದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ವ್ಯಾಂಕೂವರ್ ಪಕ್ಕದ ಸರ್ರಿಯಲ್ಲಿ. 15 ವರ್ಷ ದಾಟಿದ ವಾಹನಕ್ಕೆ ಇಲ್ಲಿನ ಸುರಕ್ಷತಾ ಮಾನದಂಡಗಳ ಕಟ್ಟುಪಾಡಿಲ್ಲ, ಹೊರದೇಶದಿಂದ ತರಿಸಿಕೊಳ್ಳಬಹುದು. ಪಕ್ಕದ ಅಮೆರಿಕಾದಲ್ಲಿ 25 ವರ್ಷ ಕಾಯಬೇಕು. ಈ ಹತ್ತು ವರ್ಷದ ವ್ಯತ್ಯಾಸದಿಂದಾಗಿ 2000ದ ನಂತರ ವ್ಯಾಂಕೂವರ್ ಸುತ್ತಮುತ್ತ ಬಲಗಡೆ ಸ್ಟೀರಿಂಗಿನ ಜಪಾನಿ ಗಾಡಿಗಳು ತುಂಬಿಕೊಂಡವು. 2004ರ ಏಪ್ರಿಲಿನಲ್ಲಿ ನಾನೂ ಒಂದು 1987ರ ಲ್ಯಾಂಡ್ ಕ್ರೂಸರ್ ತಗೊಂಡೆ. ಬಲಗಡೆ ಕೂತು ಓಡಿಸೋದು ನನಗೇನೂ ಕಷ್ಟವಾಗಲಿಲ್ಲ. ಇಂಡಿಕೇಟರ್ ಕಡ್ಡಿ ಕೂಡ ಬಲಗೈಗೇ ಇತ್ತು, ನಮ್ಮ ಮಾರುತಿ 800ರ ಹಾಗೆ. ಮನೆಯವಳು ಎಡಗಡೆ ಕೂತವಳು ಮೊದಲ ದಿನವೇ, “ಕಾಫಿ ಅಂಗಡಿ ಕಿಟಕಿ ಬಂದಾಗೆಲ್ಲ ನಾನೇ ದುಡ್ಡು ಕೊಡಬೇಕಾಗತ್ತೆ, ಅದಕ್ಕೇ ತಗೊಂಡ್ರಾ?” ಅಂದಳು.

ಅದಕ್ಕಲ್ಲ. ತಗೊಂಡಿದ್ದು ದೊಡ್ಡಪ್ಪನ ಜೀಪಿನ ನೆನಪಿಗೆ.

ಕೊಪ್ಪದ ಹತ್ತಿರ ನಮ್ಮ ದೊಡ್ಡಪ್ಪನದು ಅಡಿಕೆ ತೋಟ. ಅವರ ಹತ್ತಿರ ಒಂದು ಹಳೇ ವಿಲ್ಲಿಸ್ ಜೀಪು ಇತ್ತು, ಪೆಟ್ರೋಲಿನದು. 2.2 ಲೀಟರಿನ, 60 ಕುದುರೆ ಶಕ್ತಿಯ ಆ ಇಂಜಿನ್ನು ಘಾಟಿಯಲ್ಲಿ ಪೆಟ್ರೋಲನ್ನ ನೀರಿನ ಹಾಗೆ ಕುಡಿಯೋದು. ಎಂಬತ್ತರ ದಶಕದಲ್ಲಿ ಮಲೆನಾಡಿನ ಎಷ್ಟೋ ಜೀಪುಗಳಿಗೆ ಆದದ್ದೇ ಇದಕ್ಕೂ ಆಯಿತು: ಪೆಟ್ರೋಲ್ ಇಂಜಿನ್ ಇಳಿಸಿ, ಮಟಡೋರ್ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿದರು. ತೀರ್ಥಹಳ್ಳಿಯ ಮೇಸ್ತ್ರಿಯೊಬ್ಬರು ಹದಿನೈದು ದಿನ ನಮ್ಮ ಮನೆ ಅಂಗಳದಲ್ಲೇ ಬೀಡುಬಿಟ್ಟು ಆ ಕೆಲಸ ಮಾಡಿದ್ದರು. ಖರ್ಚು ಅರ್ಧಕ್ಕರ್ಧ ಇಳಿಯಿತು ಅಂತ ದೊಡ್ಡಪ್ಪನಿಗೆ ಬಹಳ ಖುಷಿ. ಆದರೆ ಡೀಸೆಲ್ ಇಂಜಿನ್ ಭಾರ. ಮುಂದಿನ ಸ್ಪ್ರಿಂಗು ಕುಸಿಯಿತು. ಅದನ್ನ ಎತ್ತರಿಸಿದರೆ ಗೇರ್ ಬಾಕ್ಸ್ ಕೂಗತೊಡಗಿತು. ಅದನ್ನ ಬದಲಿಸಿದರೆ ಹಿಂದಿನ ಆಕ್ಸಲ್ ಶಾಫ್ಟು ಮುರಿಯಿತು. “ಒಂದಕ್ಕೆ ಬಲ ಕೊಟ್ರೆ ಇನ್ನೊಂದು ಅಳ್ತದೆ ಭಟ್ರೇ” ಅಂತಿದ್ದರು ಮೇಸ್ತ್ರಿ. ಡೀಸೆಲ್ ಆದಮೇಲೆ ಆ ಜೀಪು ಹತ್ತದೇ ಇದ್ದವರು ಒಬ್ಬರೇ, ದೊಡ್ಡಮ್ಮ. ಅವರ ವಿಷಯ ಆಮೇಲೆ ಹೇಳ್ತೀನಿ.

ನನ್ನ ಲ್ಯಾಂಡ್ ಕ್ರೂಸರಿಗೂ ದೊಡ್ಡಪ್ಪನ ಜೀಪಿಗೂ ಇರೋದು ಬರೀ ನನ್ನ ನೆನಪಿನ ನಂಟಲ್ಲ. ಎರಡೂ ಒಂದೇ ಮೂಲದವು. ಎರಡನೇ ಮಹಾಯುದ್ಧದ ಜೀಪು ಯುದ್ಧ ಮುಗಿದ ಮೇಲೆ ಬೇರೆ ಬೇರೆ ದೇಶಗಳಲ್ಲಿ ಸಂಸಾರ ಹೂಡಿತು. ನಮ್ಮಲ್ಲಿ ಮಹೀಂದ್ರದವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನ ಜೋಡಿಸಲಿಕ್ಕೆ ಶುರು ಮಾಡಿದರು. ಜಪಾನಿನಲ್ಲಿ ಕಥೆ ಸ್ವಲ್ಪ ಸುತ್ತು. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ಅಮೆರಿಕಾ ಸೇನೆಗೂ, ಜಪಾನಿನಲ್ಲಿ ಹೊಸದಾಗಿ ಹುಟ್ಟಿದ್ದ ಪೊಲೀಸ್ ಮೀಸಲು ಪಡೆಗೂ ಜೀಪಿನಂಥ ಗಾಡಿಗಳು ಬೇಕಾದವು. ಟೊಯೊಟಾದವರು ತಮ್ಮ ಲಾರಿಯ ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್ನನ್ನ ಜೀಪಿನಂಥದೊಂದು ಚಾಸಿಸ್ಸಿಗೆ ಕೂರಿಸಿ, 1951ರಲ್ಲಿ ‘ಟೊಯೊಟಾ ಜೀಪ್ ಬಿಜೆ’ ಅಂತ ತಯಾರು ಮಾಡಿದರು. ಪೊಲೀಸ್ ಪಡೆಯ ಆರ್ಡರ್ ಸಿಕ್ಕಿದ್ದು ಮಾತ್ರ ವಿಲ್ಲಿಸ್ ಲೈಸೆನ್ಸಿನಲ್ಲಿ ಜೀಪು ಮಾಡಹೊರಟ ಮಿತ್ಸುಬಿಷಿಗೆ. ಸೋತ ಟೊಯೊಟಾ ಸುಮ್ಮನಿರಲಿಲ್ಲ. ಅದೇ 1951ರ ಬೇಸಿಗೆಯಲ್ಲಿ ಬಿಜೆ ಗಾಡಿಯನ್ನ ಫುಜಿ ಪರ್ವತದ ಆರನೇ ಹಂತದವರೆಗೆ ಹತ್ತಿಸಿ ತೋರಿಸಿತು. ಕಾರು ಅಷ್ಟು ಮೇಲೆ ಹೋದದ್ದು ಅದೇ ಮೊದಲು. ನೋಡಿದ ಗ್ರಾಮಾಂತರ ಪೊಲೀಸರು ಗಾಡಿಗೆ ಆರ್ಡರ್ ಕೊಟ್ಟರು. ‘ಜೀಪ್’ ಅನ್ನೋ ಹೆಸರು ವಿಲ್ಲಿಸಿನದಾದ್ದರಿಂದ 1954ರಲ್ಲಿ ಲ್ಯಾಂಡ್ ಕ್ರೂಸರ್ ಅಂತ ಮರುನಾಮಕರಣವಾಯಿತು.

ಡೀಸೆಲ್ಲು ಈ ವಂಶಕ್ಕೆ ಬಂದದ್ದು ಎಪ್ಪತ್ತರ ದಶಕದಲ್ಲಿ. 1980ರಲ್ಲಿ ಬಂದ 60ನೇ ಸರಣಿಯಲ್ಲಿ ‘2ಎಚ್’ ಅನ್ನೋ 3980 ಸಿಸಿಯ ಆರು ಸಿಲಿಂಡರ್ ಇಂಜಿನ್ ಇತ್ತು. ಗಟ್ಟಿ, ಆದರೆ ನಿಧಾನ. 1985ರಲ್ಲಿ ಅದೇ ಅಳತೆಯಲ್ಲಿ ‘12ಎಚ್-ಟಿ’ ತಂದರು: ಡೀಸೆಲ್ಲನ್ನ ನೇರ ಪಿಸ್ಟನ್ ತಲೆಯ ಮೇಲೆ ಚಿಮ್ಮಿಸೋ ಪದ್ಧತಿ, ಮೇಲೊಂದು ಟರ್ಬೊ. ಶಕ್ತಿ 136 ಕುದುರೆಗೆ ಏರಿತು. ನನ್ನದು ಇದೇ. ಇದಕ್ಕೆ ಸಿಲಿಂಡರಿಗೊಂದರಂತೆ ಗ್ಲೋ ಪ್ಲಗ್ ಇಲ್ಲ, ಒಳಗೆ ಹೋಗೋ ಗಾಳಿಯನ್ನೇ ಕಾಯಿಸೋ ಹೀಟರ್ ಇದೆ. ಇಪ್ಪತ್ತು ಡಿಗ್ರಿ ಮೈನಸ್ಸಿನಲ್ಲೂ ಕೀಲಿ ತಿರುಗಿಸಿ ಸ್ವಲ್ಪ ಕಾದರೆ ಸಾಕು, ಗೊಣಗಿಕೊಂಡು ಏಳುತ್ತೆ.

ತಂದ ಮೇಲೆ ಮಾಡಿಸಿದ ಮೊದಲ ಬದಲಾವಣೆ ಆಸೆಯಿಂದಲ್ಲ, ಕಾನೂನಿಗಾಗಿ. ಜಪಾನಿನಲ್ಲಿ ನಮ್ಮ ಹಾಗೆ ರಸ್ತೆಯ ಎಡಕ್ಕೆ ಓಡಿಸ್ತಾರೆ, ಹಾಗಾಗಿ ಡಿಮ್ ಬೆಳಕು ಎಡ ಅಂಚಿನ ಕಡೆ ಸ್ವಲ್ಪ ಎತ್ತರಕ್ಕೆ ಬೀಳುತ್ತೆ. ಕೆನಡಾದಲ್ಲಿ ಅದು ಎದುರು ಬರುವವನ ಕಣ್ಣಿಗೇ ಹೊಡೆಯುತ್ತೆ. ದೀಪ ಬದಲಿಸಲೇಬೇಕು. ಬದಲಿಸೋಣ ಅಂದರೆ ಇಲ್ಲಿನ ದೀಪಗಳೆಲ್ಲ 12 ವೋಲ್ಟಿನವು, ಈ ಗಾಡಿ ಲಾರಿಯ ಹಾಗೆ 24 ವೋಲ್ಟಿನದು. ಎರಡು 12 ವೋಲ್ಟ್ ಬ್ಯಾಟರಿ ಒಂದರ ಹಿಂದೊಂದು ಜೋಡಿಸಿದ್ದಾರೆ. ನಾನು ಕಂಡುಕೊಂಡ ಉಪಾಯ: ಎರಡು ದೀಪಗಳನ್ನೂ ಸೀರೀಸಿನಲ್ಲಿ ಕೊಟ್ಟರೆ ತಲಾ 12 ವೋಲ್ಟ್ ಹಂಚಿಕೊಳ್ಳುತ್ತವೆ. ಹೈಸ್ಕೂಲ್ ವಿಜ್ಞಾನ! ದೀಪಾವಳಿ ಸರಪಳಿ ದೀಪದಲ್ಲಿ ಒಂದು ಹೋದರೆ ಎಲ್ಲವೂ ಹೋಗುತ್ತೆ ಅನ್ನೋದೂ ಅದೇ ಹೈಸ್ಕೂಲಿನ ಪಾಠ, ಆದರೆ ಅದು ನೆನಪಾದದ್ದು ನವೆಂಬರಿನ ಒಂದು ರಾತ್ರಿ, ಹೋಪ್-ಪ್ರಿನ್ಸ್‌ಟನ್ ಹೆದ್ದಾರಿಯ ಇಳಿಜಾರಿನಲ್ಲಿ. ಎರಡೂ ದೀಪ ಒಟ್ಟಿಗೆ ಢಮಾರ್. ಒಂದು ಕ್ಷಣ ಗವ್ವೆನ್ನುವ ಕತ್ತಲೆ. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಪುಣ್ಯಕ್ಕೆ ಹೈ ಬೀಮಿನ ಎಳೆ ಬೇರೆ. ಕೈ ತಾನಾಗಿ ಕಡ್ಡಿ ಎಳೆಯಿತು, ರಸ್ತೆ ಮತ್ತೆ ಕಂಡಿತು. ಹೋಪ್ ಊರಿನವರೆಗೆ ಎದುರು ಬಂದವರಿಂದೆಲ್ಲ ಬೈಸಿಕೊಳ್ಳುತ್ತ ಹೈ ಬೀಮಿನಲ್ಲೇ ಬಂದೆ. ಮರುವಾರವೇ 24ನ್ನ 12ಕ್ಕೆ ಇಳಿಸೋ ಕನ್ವರ್ಟರ್ ಹಾಕಿ, ಒಂದೊಂದು ದೀಪಕ್ಕೂ ಬೇರೆ ಫ್ಯೂಸು, ಬೇರೆ ರಿಲೇ ಕೊಟ್ಟೆ. ಹಳೇ ಗಾಡಿಗೆ ಅಗ್ಗದ ಉಪಾಯ ಮಾಡಹೊರಟವರಿಗೆ ನಾನು ಹೇಳೋದು ಈ ಕಥೆ ಒಂದೇ.

ತುಕ್ಕಿನ ಕೆಲಸದ ಬಗ್ಗೆ ಬರೆದರೆ ಇನ್ನೊಂದು ಪುರಾಣವಾಗುತ್ತೆ, ಬಿಡಿ. ಹಿಂದಿನ ಚಕ್ರದ ಮೇಲಿನ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಿದೆ. ಕುಸಿದಿದ್ದ ಲೀಫ್ ಸ್ಪ್ರಿಂಗುಗಳ ಜಾಗಕ್ಕೆ ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಎಮು ಸೆಟ್ಟು ಬಂತು. ಜಪಾನಿನ ಗಾಡಿಗೆ ಆಸ್ಟ್ರೇಲಿಯಾದ ಸ್ಪ್ರಿಂಗ್ ಯಾಕೆ ಅಂತ ಕೇಳಬಹುದು. ಐವತ್ತರ ದಶಕದ ಕೊನೆಗೆ ಅಲ್ಲಿನ ಸ್ನೋಯಿ ಪರ್ವತಗಳಲ್ಲಿ ದೊಡ್ಡ ಜಲವಿದ್ಯುತ್ ಯೋಜನೆ ನಡೀತಿತ್ತು. ಅಲ್ಲಿ ಗುತ್ತಿಗೆ ಹಿಡಿದಿದ್ದ ಲೆಸ್ಲಿ ಥೀಸ್ ಕೆಲಸಕ್ಕೆಂದು ಲ್ಯಾಂಡ್ ಕ್ರೂಸರುಗಳನ್ನ ತರಿಸಿದ, ಆಮೇಲೆ ತಾನೇ ಆಮದು ಮಾಡಿ ಮಾರಲಿಕ್ಕೂ ನಿಂತ. ಅಲ್ಲಿಂದಾಚೆ ಆಸ್ಟ್ರೇಲಿಯಾದ ಮರುಭೂಮಿ, ಗಣಿ, ದನದ ಹಟ್ಟಿಗಳೆಲ್ಲ ಈ ಗಾಡಿಗೆ ಪರೀಕ್ಷೆಯ ಮೈದಾನ. ಎಲ್ಲಿ ಮುರಿಯುತ್ತೆ, ಮುರಿದದ್ದನ್ನ ಹೇಗೆ ಬಲಪಡಿಸಬೇಕು ಅನ್ನೋ ವಿದ್ಯೆಯೆಲ್ಲ ಅಲ್ಲೇ ಬೆಳೆಯಿತು. ಗಾಡಿ ಮಾಡಿದವರಿಗಿಂತ ಮುರಿದವರಿಗೇ ಅದರ ಗುಟ್ಟು ಚೆನ್ನಾಗಿ ಗೊತ್ತು.

ಈಗ ಮುಖ್ಯ ಸಂಗತಿಗೆ ಬರ್ತೀನಿ.

2006ರಲ್ಲಿ ಕೆನಡಾದಲ್ಲಿ ರಸ್ತೆ ವಾಹನದ ಡೀಸೆಲ್ಲಿನಲ್ಲಿ ಗಂಧಕದ ಅಂಶ ಹತ್ತು ಲಕ್ಷಕ್ಕೆ 15 ಪಾಲು ಮೀರಬಾರದು ಅಂತ ನಿಯಮ ಬಂತು. ಗಾಳಿಗೆ ಒಳ್ಳೇದೇ. ಆದರೆ ಹೊಸ ಡೀಸೆಲ್ ಬಂದಾಗ ಹಳೇ ಪಂಪುಗಳ ರಬ್ಬರ್ ಸೀಲುಗಳು ಕುಗ್ಗಿ ಸೋರಲಿಕ್ಕೆ ಶುರುವಾದವು ಅನ್ನೋದು ಆಗ ಹಳೇ ಡೀಸೆಲ್ ಗಾಡಿಯವರೆಲ್ಲರ ಗೋಳು. ನನ್ನದೂ ಸೋರಿತು. 2007ರ ಫೆಬ್ರವರಿಯಲ್ಲಿ ಪಂಪ್ ಬಿಚ್ಚಿಸಿ, ಸೀಲು, ನಾಜಲ್ಲು ಎಲ್ಲ ಹೊಸದು ಹಾಕಿಸಿದೆ. ಕೆಲಸ ಮಾಡಿದವನು ಕೇಳಿದ: “ಹೇಗೂ ಬಿಚ್ಚಿದ್ದೇವೆ, ಸ್ಕ್ರೂ ಸ್ವಲ್ಪ ತಿರುಗಿಸಲಾ?”

ಈ ಸ್ಕ್ರೂ ಏನು ಅಂತ ಹೇಳಬೇಕು. ಪೆಟ್ರೋಲ್ ಇಂಜಿನ್ನಿನ ಹಾಗೆ ಡೀಸೆಲ್ಲಿಗೆ ಗಾಳಿ-ಎಣ್ಣೆಯ ಹದ ಕಟ್ಟುನಿಟ್ಟಲ್ಲ. ಜಾಸ್ತಿ ಎಣ್ಣೆ ಚಿಮ್ಮಿಸಿದಷ್ಟೂ ಜಾಸ್ತಿ ಶಕ್ತಿ, ಸುಡಲಿಕ್ಕೆ ಗಾಳಿ ಇರೋ ತನಕ. ಗರಿಷ್ಠ ಎಷ್ಟು ಎಣ್ಣೆ ಅನ್ನೋದನ್ನ ಪಂಪಿನ ಮೇಲಿನ ಒಂದು ಸ್ಕ್ರೂ ನಿರ್ಧರಿಸುತ್ತೆ. ಟರ್ಬೊ ಇದ್ದರೆ ಜೊತೆಗೆ ಒಂದು ಡಯಾಫ್ರಮ್ಮು: ಟರ್ಬೊ ಒತ್ತಡ ಏರಿದ ಮೇಲೇ ಹೆಚ್ಚಿನ ಎಣ್ಣೆ ಬಿಡೋ ಕಾವಲುಗಾರ. ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಕಾವಲುಗಾರನ ಸ್ಪ್ರಿಂಗ್ ಸಡಿಲಿಸಿದರೆ ಖರ್ಚಿಲ್ಲದೆ ಗಾಡಿ ಹಾರುತ್ತೆ. ಗಾಳಿ ಸಾಲದೆ ಉಳಿದ ಎಣ್ಣೆ ಕಪ್ಪು ಹೊಗೆಯಾಗಿ ಹೊರಗೆ ಬರುತ್ತೆ, ಹೊಗೆಯ ಬಿಸಿ ಏರಿ ಪಿಸ್ಟನ್ನಿಗೂ ಅಪಾಯ. ಇದೆಲ್ಲ ಗೊತ್ತಿದ್ದೂ “ತಿರುಗಿಸು” ಅಂದೆ. ಸುಳ್ಳು ಯಾಕೆ ಹೇಳಲಿ, ಮೊದಲ ವಾರ ಸ್ವರ್ಗ. ಕೋಕಿಹಾಲಾ ಘಾಟಿಯಲ್ಲಿ ನಾಲ್ಕನೇ ಗೇರಿನಲ್ಲೇ ಲಾರಿಗಳನ್ನ ದಾಟಿಕೊಂಡು ಹೋದೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ಮಸಿ ಬಳಿದ ಹಾಗೆ ಕಾಣ್ತಿತ್ತು, ಅದನ್ನ ನೋಡಿ ನಕ್ಕೆ ಕೂಡ.

ಎರಡನೇ ವಾರ ಮಗಳು ಹಿಂದಿನ ಸೀಟಿನಿಂದ ಅಂದಳು, “ಅಪ್ಪಾ, ಇಲ್ಲಿ ವಾಸನೆ. ಗಂಟಲು ಕೆರೀತಿದೆ.”

ಆಗ ಅವಳಿಗೆ ಆರು ವರ್ಷ. ಇಂಥ ಡಬ್ಬಿಯಾಕಾರದ ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಹೊಗೆ ಅಲ್ಲೇ ಸುತ್ತುತ್ತೆ. ಹಿಂಬಾಗಿಲಿನ ರಬ್ಬರು ಹಳತಾಗಿದ್ದರೆ, ಕಿಟಕಿ ತೆರೆದಿದ್ದರೆ, ಒಳಗೇ ಎಳೆದುಕೊಳ್ಳುತ್ತೆ. ನನಗೆ ಥಟ್ಟನೆ ದೊಡ್ಡಮ್ಮ ನೆನಪಾದರು.

ದೊಡ್ಡಮ್ಮನಿಗೆ ಉಬ್ಬಸ. ಜೀಪಿನ ಹಿಂದಿನ ಟಾರ್ಪಾಲು ಯಾವಾಗಲೂ ತೆರೆದೇ ಇರ್ತಿತ್ತು, ಹೆಂಗಸರು ಮಕ್ಕಳು ಕೂರುವ ಜಾಗವೂ ಅದೇ. ಪೆಟ್ರೋಲ್ ಇದ್ದಷ್ಟು ದಿನ ಅವರು ಬರ್ತಿದ್ದರು. ಡೀಸೆಲ್ ಹಾಕಿಸಿದ ಮೇಲೆ ಎರಡು ಸಲ ಕೂತು, “ನನಗಾಗೂದಿಲ್ಲ ಮಾರಾಯ್ರೆ” ಅಂತ ಇಳಿದುಬಿಟ್ಟರು. ಆಮೇಲೆ ಮದುವೆ ಮುಂಜಿ ಏನೇ ಇರಲಿ, ಒಂದೂವರೆ ಮೈಲಿ ನಡೆದು ಬಸ್ಸಿಗೆ ಹೋಗೋರು. “ಅವಳಿಗೆ ಜೀಪು ಅಂದ್ರೆ ಸಸಾರ” ಅಂತ ದೊಡ್ಡಪ್ಪ ಎಲ್ಲರೆದುರು ಹೇಳೋರು. ನಾವು ಮಕ್ಕಳೂ ನಗ್ತಿದ್ದೆವು.

ಆ ರಾತ್ರಿಯೇ ಗಾಡಿಯ ಜಪಾನಿ ಕಾಗದಗಳನ್ನ ತೆಗೆದು ಕೂತೆ. ಭಾಷೆ ಬರುವ ಆಫೀಸಿನ ಗೆಳೆಯನೊಬ್ಬ ಮರುದಿನ ಓದಿ ಹೇಳಿದ. ನೋಂದಣಿ ಯೊಕೊಹಾಮಾದ್ದು, ಸರಕು ವರ್ಗ, ಪ್ರತಿ ವರ್ಷ ತಪಾಸಣೆ. ನೋಂದಣಿ ರದ್ದಾದದ್ದು 2003ರ ಸೆಪ್ಟೆಂಬರಿನಲ್ಲಿ. “ಅಕ್ಟೋಬರ್ ಒಂದಕ್ಕೆ ಮುಂಚೆ ತೊಲಗಿಸಿದ್ದಾರೆ” ಅಂದ. ಅಕ್ಟೋಬರ್ ಒಂದಕ್ಕೆ ಏನಾಯ್ತು ಅಂತ ಕೇಳಿದೆ. ಅಲ್ಲಿಂದ ಶುರುವಾದದ್ದು ಈ ಓದು.

1999ರಲ್ಲಿ ಟೋಕಿಯೋದ ಗವರ್ನರ್ ಆಗಿ ಬಂದ ಶಿಂಟಾರೊ ಇಶಿಹಾರಾ ಅದೇ ವರ್ಷ ಡೀಸೆಲ್ ವಿರುದ್ಧ ಸಮರ ಸಾರಿದ. ಪತ್ರಕರ್ತರ ಮುಂದೆ ಒಂದು ಪ್ಲಾಸ್ಟಿಕ್ ಬಾಟಲಿ ಹಿಡಿದು ಅಲ್ಲಾಡಿಸಿದ. ಅದರ ತುಂಬ ಡೀಸೆಲ್ ಹೊಗೆಯ ಕಪ್ಪು ಮಸಿ. ಆತನ ರಾಜಕೀಯದ ಬೇರೆ ಎಷ್ಟೋ ಮಾತು ನನಗೆ ಒಪ್ಪಿಗೆಯಿಲ್ಲ, ಆದರೆ ಆ ಬಾಟಲಿ ಮಾಡಿದ ಕೆಲಸ ಸಾವಿರ ಪುಟದ ವರದಿ ಮಾಡಲಾರದು. 2000ದ ಡಿಸೆಂಬರಿನಲ್ಲಿ ಟೋಕಿಯೋ ಕಟ್ಟಳೆ ಮಾಡಿತು. ನೆರೆಯ ಸೈತಾಮಾ, ಚಿಬಾ, ಕನಗಾವಾಗಳೂ ಸೇರಿಕೊಂಡವು. 2003ರ ಅಕ್ಟೋಬರ್ 1ರಿಂದ ಮಸಿಯ ಮಿತಿ ಮೀರಿದ ಡೀಸೆಲ್ ಲಾರಿ, ಬಸ್ಸು, ಸರಕು ವಾಹನಗಳು ಆ ಪ್ರದೇಶದೊಳಗೆ ಓಡುವಂತಿಲ್ಲ. ಒಪ್ಪಿಗೆ ಪಡೆದ ಫಿಲ್ಟರ್ ಹಾಕಿಸಬೇಕು, ಇಲ್ಲ ಹೊರಡಬೇಕು. ಯೊಕೊಹಾಮಾ ಇರೋದು ಕನಗಾವಾದಲ್ಲೇ.

ಇಲ್ಲೇ ಆ ‘ವಿ’ ಬರೋದು. ಈ ಕಟ್ಟಳೆ ಪ್ರಯಾಣಿಕರ ಕಾರುಗಳಿಗೆ ಅನ್ವಯಿಸ್ತಿರಲಿಲ್ಲ! “ಜಪಾನಿನಲ್ಲಿ ಡೀಸೆಲ್ ಬ್ಯಾನ್ ಮಾಡಿದರು, ಅದಕ್ಕೇ ಇಲ್ಲಿ ಅಗ್ಗಕ್ಕೆ ಸಿಗತ್ತೆ” ಅಂತ ಇಲ್ಲಿ ಎಲ್ಲರೂ ಹೇಳ್ತಾರೆ, ಅದು ಅರ್ಧ ಸತ್ಯ. ಡೀಸೆಲ್ ಕಾರುಗಳನ್ನ ದೊಡ್ಡ ನಗರಗಳ ನೋಂದಣಿಯಿಂದ ಹೊರಗಿಟ್ಟದ್ದು ಬೇರೆಯೇ ಕಾನೂನು, ರಾಷ್ಟ್ರಮಟ್ಟದ್ದು. 1992ರಲ್ಲಿ ಸಾರಜನಕದ ಆಕ್ಸೈಡುಗಳಿಗೆಂದು ಮಾಡಿದ್ದ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ತಂದು ಮಸಿಯನ್ನೂ, ಡೀಸೆಲ್ ಕಾರನ್ನೂ ಸೇರಿಸಿದರು. ಟೋಕಿಯೋ, ಒಸಾಕಾ ಜೊತೆಗೆ ನಗೋಯಾ ಸುತ್ತಿನ ಪ್ರದೇಶವೂ ಒಳಗೆ ಬಂತು. ಕಾರುಗಳಿಗೆ ಕೆಲವು ವರ್ಷದ ವಾಯಿದೆ ಇತ್ತು. ನನ್ನ ಗಾಡಿ ಹೆಸರಿಗೆ ವ್ಯಾನಾದ್ದರಿಂದ ಎರಡು ಬಲೆಗೂ ಸಿಕ್ಕಿತು. ಹಳ್ಳಿಗಾಡಿನ ಜಪಾನಿನಲ್ಲಿ ಇಂಥವು ಆಮೇಲೂ ಓಡಿಕೊಂಡಿದ್ದವು.

ಬಾಟಲಿಯ ಹಿಂದೆ ಇನ್ನೊಂದು ಕಥೆ ಇದೆ, ಅದು ಗವರ್ನರನದಲ್ಲ. 1996ರಲ್ಲಿ ಟೋಕಿಯೋದ ಉಬ್ಬಸ ರೋಗಿಗಳು ಸರ್ಕಾರದ ಮೇಲೆ, ನಗರಾಡಳಿತದ ಮೇಲೆ, ಏಳು ವಾಹನ ಕಂಪನಿಗಳ ಮೇಲೆ ಕೇಸು ಹಾಕಿದರು. ಆ ಏಳರಲ್ಲಿ ಟೊಯೊಟಾ ಕೂಡ ಒಂದು. ಹನ್ನೊಂದು ವರ್ಷ ನಡೆದು, ನಾನು ಸ್ಕ್ರೂ ತಿರುಗಿಸಿದ ಅದೇ 2007ರ ಆಗಸ್ಟಿನಲ್ಲಿ ರಾಜಿಯಾಯಿತು. ಕಂಪನಿಗಳು 120 ಕೋಟಿ ಯೆನ್ ಪರಿಹಾರ ಕೊಟ್ಟವು, ನಗರದಲ್ಲಿ ಉಬ್ಬಸದವರ ಚಿಕಿತ್ಸೆ ವೆಚ್ಚಕ್ಕೆ ನೆರವಿನ ಯೋಜನೆ ಬಂತು. ಆ ಸುದ್ದಿ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾಲುಸಂಕ ದಾಟಿ ಬಸ್ಸಿಗೆ ಹೋಗುವ ದೊಡ್ಡಮ್ಮ. ಆ ಹೊತ್ತಿಗೆ ಅವರು ತೀರಿಕೊಂಡು ಆರು ವರ್ಷವಾಗಿತ್ತು.

ಸ್ಕ್ರೂ ಹಿಂದಕ್ಕೆ ತಿರುಗಿಸಿದ್ದು ಮಾತ್ರ ಬರೀ ಮನಸ್ಸು ಕರಗಿ ಅಂತ ಹೇಳಿದರೆ ಆತ್ಮವಂಚನೆ. ನಮ್ಮ ಕಡೆ ಆಗ ಏರ್‌ಕೇರ್ ಅನ್ನೋ ಹೊಗೆ ತಪಾಸಣೆ ಇತ್ತು, 1992ರಲ್ಲಿ ಶುರುವಾದದ್ದು. ಗಾಡಿಯನ್ನ ಉರುಳೆಗಳ ಮೇಲೆ ಓಡಿಸಿ ಹೊಗೆ ಎಷ್ಟು ದಟ್ಟ ಅಂತ ಅಳೆಯೋರು. ಆ ವರ್ಷ ನನ್ನದು ಫೇಲಾಯಿತು. ಪಂಪಿನವನ ಹತ್ತಿರ ಮತ್ತೆ ಹೋದೆ, ಈ ಸಲ ಬೇರೆ ಮಾತಾಡಿದೆವು. ಮೊದಲು ಗಾಳಿ, ಆಮೇಲೆ ಎಣ್ಣೆ. ಸ್ಕ್ರೂ ಮೂಲ ಗುರುತಿಗೆ ಬಂತು. ಡಯಾಫ್ರಮ್ಮಿನ ಸ್ಪ್ರಿಂಗ್ ಬಿಗಿಯಾಯಿತು. ವಾಲ್ವ್ ಸಂದು ಸರಿ ಮಾಡಿದರು. ಮುಂದಿನ ವರ್ಷ ದುಡ್ಡು ಕೂಡಿದಾಗ ಟರ್ಬೊ ಗಾಳಿಯನ್ನ ತಣ್ಣಗೆ ಮಾಡೋ ಇಂಟರ್‌ಕೂಲರ್ ಹಾಕಿಸಿದೆ. ತಣ್ಣನೆ ಗಾಳಿ ದಟ್ಟ, ಅಷ್ಟೇ ಜಾಗದಲ್ಲಿ ಹೆಚ್ಚು ಆಮ್ಲಜನಕ ಹೋಗುತ್ತೆ, ಅದೇ ಎಣ್ಣೆ ಇನ್ನೂ ಚೆನ್ನಾಗಿ ಉರಿಯುತ್ತೆ. ಹೊಗೆಯ ಬಿಸಿ ತೋರಿಸೋ ಒಂದು ಮೀಟರು ಕೂರಿಸಿದೆ. ಹಿಂಬಾಗಿಲಿಗೆ ಹೊಸ ರಬ್ಬರು, ಹೊಗೆ ಕೊಳವೆಯ ಬಾಯಿ ಪಕ್ಕಕ್ಕೆ ತಿರುಗಿಸಿದ್ದು. ಘಾಟಿಯಲ್ಲಿ ಲಾರಿಗಳ ಹಿಂದೆಯೇ ಹೋಗ್ತೀನಿ ಈಗ. ಖರ್ಚಾದದ್ದು ಗಾಡಿಯ ಬೆಲೆಯ ಅರ್ಧ, ಹೆಚ್ಚಿದ ವೇಗ ಹೇಳಿಕೊಳ್ಳುವಷ್ಟಿಲ್ಲ. ಗೆಳೆಯರು “ಇದೆಂಥ ಅಪ್‌ಗ್ರೇಡೋ!” ಅಂತ ಗೇಲಿ ಮಾಡ್ತಾರೆ.

ಇಷ್ಟಾದರೂ ಇದು ಸ್ವಚ್ಛ ಗಾಡಿ ಅಂತ ನಾನು ಹೇಳೋದಿಲ್ಲ. 2012ರ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನ ಕ್ಯಾನ್ಸರ್ ತರುವುದು ಖಚಿತವಾದ ಮೊದಲನೇ ಗುಂಪಿಗೆ ಸೇರಿಸಿತು. ಕಣ್ಣಿಗೆ ಕಾಣದ ಹೊಗೆಗೂ ಅದು ಅನ್ವಯವೇ. ಪೇಟೆಯೊಳಗೆ ಈ ಗಾಡಿ ತೆಗೆಯೋದನ್ನ ಆಗಲೇ ಬಿಟ್ಟೆ, ಬೆಟ್ಟದ ಕಡೆ ಹೋಗೋಕೆ ಮಾತ್ರ. ಪೂರ್ತಿ ಮಾರಿಬಿಡಬಹುದಿತ್ತು. ಮಾರಿದರೆ ಕೊಂಡವನು ಮೊದಲು ಮಾಡೋದೇ ಸ್ಕ್ರೂ ತಿರುಗಿಸೋದು ಅಂತ ನನಗೆ ನಾನೇ ನೆಪ ಹೇಳಿಕೊಂಡು ಇಟ್ಟುಕೊಂಡಿದ್ದೇನೆ.

ಏರ್‌ಕೇರ್ 2014ರ ಕೊನೆಗೆ ಮುಚ್ಚಿತು. ಆಮೇಲೆ ನನ್ನ ಗಾಡಿಯ ಹೊಗೆಯನ್ನ ಅಳೆಯುವವರು ಯಾರೂ ಇಲ್ಲ. ಹಾಗಾಗಿ ತೀರ್ಥಹಳ್ಳಿ ಮೇಸ್ತ್ರಿಯ ಪದ್ಧತಿಗೆ ಬಂದಿದ್ದೇನೆ. ಅವರು ಸೈಲೆನ್ಸರ್ ಬಾಯಿಗೆ ಬಿಳೀ ಬನಿಯನ್ ವೇಸ್ಟ್ ಹಿಡಿದು, ದೊಡ್ಡಪ್ಪನಿಗೆ ಆಕ್ಸಲರೇಟರ್ ಒತ್ತಲಿಕ್ಕೆ ಹೇಳೋರು. ಕಪ್ಪಾದರೆ ಎಣ್ಣೆ ಜಾಸ್ತಿ, ಹೊಗೆ ನೀಲಿಯಾದರೆ ಆಯಿಲ್ ಸುಡ್ತಿದೆ. ಆರು ತಿಂಗಳಿಗೊಮ್ಮೆ ಮಗಳು ಮನೆಗೆ ಬಂದಾಗ ಅವಳನ್ನ ಬಲಗಡೆ ಸೀಟಿನಲ್ಲಿ ಕೂರಿಸಿ, ನಾನು ಹಿಂದೆ ಬಟ್ಟೆ ಹಿಡಿದು ಕುಕ್ಕರಗಾಲಲ್ಲಿ ಕೂರ್ತೀನಿ. ಕಳೆದ ಸಲ ಬಟ್ಟೆ ಬೂದು ಬಣ್ಣಕ್ಕೆ ತಿರುಗಿತ್ತು. ನಾಜಲ್ಲುಗಳನ್ನ ಮತ್ತೆ ಬಿಚ್ಚಿಸಬೇಕು.